ಬಚ್ಚಲೊಲೆ ಮುಂದೆ ಬೈಬಲ್

ನಮ್ಮ ಮನೆಯಲ್ಲಿ ಬೈಬಲ್ ಇರಲಿಲ್ಲ ಅಂತಲ್ಲ. ಆಲ್ತಾರಿನ ಮೇಲೆ, ಮರಿಯಮ್ಮನವರ ಪ್ರತಿಮೆಯ ಪಕ್ಕ, ಕಸೂತಿ ಹಾಕಿದ ಬಿಳಿ ಬಟ್ಟೆಯ ಮೇಲೆ ಸದಾ ಇತ್ತು. ಕ್ರಿಸ್ಮಸ್ಸಿಗೆ ಮುಂಚೆ ಒಮ್ಮೆ ಧೂಳು ಒರೆಸುತ್ತಿದ್ದೆವು. ಮನೆ ಆಶೀರ್ವಾದಕ್ಕೆ ಫಾದರ್ ಬಂದಾಗ ಅವರು ತೆರೆದು ಓದುತ್ತಿದ್ದರು. ಉಳಿದಂತೆ ನಮ್ಮದು ತೇರ್ಸ್, ಅಂದರೆ ಜಪಸರದ ಪ್ರಾರ್ಥನೆ, ಹೇಳುವ ಮನೆ. ಸಂಜೆ ಏಳಾಯಿತು ಅಂದರೆ ಅಪ್ಪ ಜಪಸರ ಕೈಗೆತ್ತಿಕೊಳ್ಳುತ್ತಿದ್ದರು. ಟಿವಿ ಬಂದ್. ಊಟ ಆಮೇಲೆ. ಅದು ಇವತ್ತಿಗೂ ನಡೆಯುತ್ತದೆ, ನಡೆಯಲಿ ಅಂತಲೇ ನನ್ನ ಆಸೆ.

ಓದದೇ ಇದ್ದದ್ದಕ್ಕೆ ಕಾರಣವೂ ಇದೆ. ನಮ್ಮ ಅಜ್ಜಿ ಕರಾವಳಿಯಿಂದ ಘಟ್ಟ ಹತ್ತಿ ತೋಟದ ಕೆಲಸಕ್ಕೆ ಬಂದ ಕಾಲದಲ್ಲಿ ಪೂಜೆ ಲ್ಯಾಟಿನ್ ಭಾಷೆಯಲ್ಲಿ ನಡೆಯುತ್ತಿತ್ತು. ಮನೆಯಲ್ಲಿ ಕೂತು ನೀವೇ ಬೈಬಲ್ ಓದಿ ಅಂತ ಕಥೋಲಿಕರಿಗೆ ಹೇಳುವವರು ಕಡಿಮೆ. ಕಥೋಲಿಕ ಬಿಷಪರೆಲ್ಲ ಸೇರಿದ್ದ ಎರಡನೇ ವ್ಯಾಟಿಕನ್ ಮಹಾಸಭೆ 1965ರ ನವೆಂಬರಿನಲ್ಲಿ ಈ ಬಗ್ಗೆ ಸ್ಪಷ್ಟವಾಗಿ ಬರೆಯಿತು: ಗುರುಗಳು, ಸಿಸ್ಟರುಗಳು ಮಾತ್ರ ಅಲ್ಲ, ಎಲ್ಲರೂ ಓದಬೇಕು. ಪವಿತ್ರ ಗ್ರಂಥ ಗೊತ್ತಿಲ್ಲದವರಿಗೆ ಕ್ರಿಸ್ತರೇ ಗೊತ್ತಿಲ್ಲ ಅನ್ನುವ ಸಂತ ಜೆರೋಮರ ಮಾತನ್ನೂ ಅದರಲ್ಲಿ ಸೇರಿಸಿತು. ಅಷ್ಟು ಹೊತ್ತಿಗೆ ಕನ್ನಡದಲ್ಲಿ ಪೂರ್ತಿ ಬೈಬಲ್ ಬಂದು ನೂರು ವರ್ಷದ ಮೇಲಾಗಿತ್ತು. 1831ರಲ್ಲೇ ಬಳ್ಳಾರಿಯ ಪ್ರೊಟೆಸ್ಟೆಂಟ್ ಮಿಷನರಿಗಳು ಆ ಕೆಲಸ ಮುಗಿಸಿದ್ದರು. ನಮ್ಮ ಮನೆಯ ಮೆಟ್ಟಿಲು ಹತ್ತಲು ಅದಕ್ಕೆ ಅಪ್ಪನ ಕಾಲ ಬರಬೇಕಾಯಿತು.

ನನ್ನದು ಸಾಗರದಲ್ಲಿ ಒಂದು ಸ್ಟೇಷನರಿ ಮತ್ತು ಜೆರಾಕ್ಸ್ ಅಂಗಡಿ. ಮನೆ ಊರಾಚೆಯ ಹಳ್ಳಿಯಲ್ಲಿ, ಹಿತ್ತಿಲ ಕೆಳಗೆ ಸ್ವಲ್ಪ ಅಡಿಕೆ ತೋಟ. ಚರ್ಚಿನಲ್ಲಿ ಮಕ್ಕಳಿಗೆ ಕ್ಯಾಟೆಕಿಸಂ, ಅಂದರೆ ಧರ್ಮಪಾಠ, ಕಲಿಸುತ್ತಿದ್ದ ಸಿಸ್ಟರಿಗೆ ಬೇರೆ ಊರಿಗೆ ವರ್ಗವಾಯಿತು. ಫಾದರ್ ನನ್ನ ಕಡೆ ನೋಡಿದರು. ಭಾನುವಾರ ಅಂಗಡಿ ಬಾಗಿಲು ಹಾಕಿರುತ್ತದೆ, ಅಕ್ಷರ ದುಂಡಗಿದೆ. ಅಷ್ಟೇ ನನ್ನ ಅರ್ಹತೆ.

ಶುರುವಿನ ಒಂದು ಭಾನುವಾರ ಎಂಟನೇ ಕ್ಲಾಸಿನ ಹುಡುಗಿ ಕೇಳಿದಳು: "ಸಾರ್, ಸಂತ ಮಾರ್ಕರು ಹನ್ನೆರಡು ಶಿಷ್ಯರಲ್ಲಿ ಒಬ್ಬರಾ?" ಯೇಸುಸ್ವಾಮಿಯ ಕಥೆ ಹೇಳುವ ನಾಲ್ಕು ಪುಸ್ತಕಗಳಿಗೆ ಶುಭಸಂದೇಶ ಅನ್ನುತ್ತೇವೆ, ಬರೆದವರು ಮತ್ತಾಯ, ಮಾರ್ಕ, ಲೂಕ, ಯೊವಾನ್ನ. ಮಾರ್ಕರ ಶುಭಸಂದೇಶದ 3ನೇ ಅಧ್ಯಾಯ ತೆಗೆಸಿ ಎಲ್ಲರೂ ಸೇರಿ ಹೆಸರು ಎಣಿಸಿದೆವು. ಪೇತ್ರ, ಯಕೋಬ, ಯೊವಾನ್ನ ಅಂತ ಹನ್ನೆರಡೂ ಸಿಕ್ಕವು. ಮಾರ್ಕರ ಹೆಸರಿಲ್ಲ. ಲೂಕರದ್ದೂ ಇಲ್ಲ. "ಮತ್ತೆ ಇವರಿಗೆ ಹೇಗೆ ಗೊತ್ತಾಯ್ತು ಸಾರ್?" ಅದು ಮುಂದಿನ ಪ್ರಶ್ನೆ, ನಿಜವಾದ ಪ್ರಶ್ನೆ. ಲೂಕರು ಮೊದಲ ನಾಲ್ಕು ವಚನಗಳಲ್ಲೇ ಅದನ್ನು ಹೇಳಿಕೊಂಡಿದ್ದಾರೆ: ಕಣ್ಣಾರೆ ಕಂಡವರು ತಿಳಿಸಿದ್ದನ್ನು ನಾನು ಮೊದಲಿನಿಂದ ವಿಚಾರಿಸಿ, ಕ್ರಮವಾಗಿ ಬರೆಯುತ್ತಿದ್ದೇನೆ ಅಂತ. ಹೀಗೆ ಕೇಳಿದರೆ ಈ ಪುಸ್ತಕ ಉತ್ತರ ಕೊಡುತ್ತದೆ ಅನ್ನುವುದು ಅವತ್ತು ಮಕ್ಕಳಿಗಿಂತ ಜಾಸ್ತಿ ನನಗೆ ಖುಷಿ ಕೊಟ್ಟಿತು. ಕುತೂಹಲ ಹತ್ತಿತು.

ಆ ಡಿಸೆಂಬರಿನಲ್ಲಿ ವಾಟ್ಸಾಪಿಗೆ ಒಂದು ಪಟ್ಟಿ ಬಂತು: ಒಂದು ವರ್ಷದಲ್ಲಿ ಪೂರ್ತಿ ಬೈಬಲ್. ನಮ್ಮ ಬೈಬಲಿನಲ್ಲಿ 73 ಪುಸ್ತಕಗಳು. ಪ್ರೊಟೆಸ್ಟೆಂಟರದ್ದರಲ್ಲಿ 66. ಹೇಗೆ ಲೆಕ್ಕ ಹಾಕಿದರೂ ದಿನಕ್ಕೆ ಮೂರ್ನಾಲ್ಕು ಅಧ್ಯಾಯ ಓದಬೇಕು. ಆದಿಕಾಂಡ ಸಲೀಸಾಗಿ ಹೋಯಿತು. ಜೋಸೆಫನನ್ನು ಅಣ್ಣಂದಿರು ಮಾರುವ ಕಥೆಯನ್ನು ಯಾರು ತಾನೇ ನಡುವೆ ಬಿಡುತ್ತಾರೆ? ವಿಮೋಚನಕಾಂಡದ 25ನೇ ಅಧ್ಯಾಯದಿಂದ ದೇವದರ್ಶನದ ಗುಡಾರದ ಅಳತೆ ಶುರುವಾಗುತ್ತದೆ. ಎಷ್ಟು ಮೊಳ ಉದ್ದ, ಎಷ್ಟು ಮೊಳ ಅಗಲ, ಪರದೆಗೆ ಎಷ್ಟು ಕೊಂಡಿ. ಅದು ಮುಗಿದರೆ ಯಾಜಕಕಾಂಡ, 27 ಅಧ್ಯಾಯ.

ಅಲ್ಲೂ ಒಂದು ಕಡೆ ನಕ್ಕೆ. 14ನೇ ಅಧ್ಯಾಯದಲ್ಲಿ ಮನೆಯ ಗೋಡೆಗೆ ಬೂಷ್ಟು ಹಿಡಿದರೆ ಏನು ಮಾಡಬೇಕು ಅಂತ ಇದೆ. ಹಸಿರು ಅಥವಾ ಕೆಂಪು ಮಚ್ಚೆ ಕಂಡರೆ ಯಾಜಕರನ್ನು ಕರೆಸಬೇಕು, ಅವರು ನೋಡಿ ಮನೆಯನ್ನು ಏಳು ದಿನ ಮುಚ್ಚಿಸಬೇಕು. ಈ ಕಾನೂನು ನಮ್ಮಲ್ಲಿದ್ದರೆ ಜುಲೈ ತಿಂಗಳು ಇಡೀ ಸಾಗರ ತಾಲ್ಲೂಕಿಗೆ ಬೀಗ.

ಪಟ್ಟಿ ಹಿಡಿದು ಓದುವವರನ್ನು ನಾನು ಹಳಿಯುವುದಿಲ್ಲ. ಒಂದು ಸಲ ಇಡೀ ಗ್ರಂಥದ ಮೇಲೆ ಕಣ್ಣಾಡಿಸಿದವರಿಗೆ ಯಾವುದು ಎಲ್ಲಿದೆ ಅಂತ ಗೊತ್ತಿರುತ್ತದೆ, ಅದು ಸಣ್ಣ ಲಾಭವಲ್ಲ. ಆದರೆ ಹೊಸಬರಿಗೆ ಅದನ್ನು ಕೊಡಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಪಟ್ಟಿಗೆ ಬೇಕಾದದ್ದು ಟಿಕ್ ಮಾರ್ಕು. ಹುಡುಗಿ ಕೇಳಿದಂಥ ಪ್ರಶ್ನೆಗೆ ಅದರಲ್ಲಿ ಜಾಗವೇ ಇಲ್ಲ. ಪ್ರಶ್ನೆ ಕೇಳುತ್ತಾ ಕೂತರೆ ಅವತ್ತಿನ ಮೂರು ಅಧ್ಯಾಯ ಬಾಕಿ, ನಾಳೆಗೆ ಆರು, ನಾಡಿದ್ದು ಒಂಬತ್ತು. ಸೊಸೈಟಿ ಸಾಲದ ಬಡ್ಡಿಯೇ ವಾಸಿ. ಪಟ್ಟಿಯನ್ನು ಪಕ್ಕಕ್ಕಿಟ್ಟೆ.

ಅಭ್ಯಾಸ ನಿಂತದ್ದು ಎಲ್ಲಿ ಅಂದರೆ ಬಚ್ಚಲ ಒಲೆಯ ಮುಂದೆ.

ಮಲೆನಾಡಿನವರಿಗೆ ವಿವರಿಸಬೇಕಾಗಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಯಾರಾದರೂ ಒಬ್ಬರು ಬಚ್ಚಲ ಹಂಡೆಗೆ ಉರಿ ಹಾಕಬೇಕು. ನಮ್ಮ ಮನೆಯಲ್ಲಿ ಆ ಕೆಲಸ ನನ್ನದು. ಸೌದೆ ಒಣಗಿರುವುದಿಲ್ಲ, ಹಾಳೆ, ಸೋಗೆ ಚೂರು, ತೆಂಗಿನ ಸಿಪ್ಪೆ ಅಂತ ಏನೇನೋ ತುರುಕಿ ಊದಿ ಹೊತ್ತಿಸಬೇಕು. ಒಮ್ಮೆ ಹೊತ್ತಿಕೊಂಡ ಮೇಲೆ ಅಲ್ಲಿಂದ ಏಳಲು ಮನಸ್ಸು ಬರುವುದಿಲ್ಲ. ಮನೆಯಲ್ಲಿ ಬೆಚ್ಚಗಿರುವ ಜಾಗ ಅದೊಂದೇ. ನೀರು ಕಾಯುವ ತನಕ ಮಣೆ ಹಾಕಿಕೊಂಡು ಸುಮ್ನೆ ಉರಿ ನೋಡುತ್ತಾ ಕೂರುತ್ತಿದ್ದೆ. ಮೊದಲು ಫೋನ್ ನೋಡುತ್ತಿದ್ದೆ. ಆಷಾಢದ ಮಳೆಯಲ್ಲಿ ಕರೆಂಟು ಹೋಗಿ, ಟವರೂ ಸತ್ತು, ಫೋನು ಬರೀ ಟಾರ್ಚ್ ಆಗಿದ್ದ ವಾರದಲ್ಲಿ ಬೈಬಲ್ ತೆಗೆದುಕೊಂಡು ಹೋದೆ. ಅದಕ್ಕೂ ಬೂಷ್ಟು ಹಿಡಿದಿತ್ತು, ರಟ್ಟಿನ ಮೇಲೆ ಬಿಳಿ ಪುಡಿ. ಒರೆಸಿ, ಉರಿಗೆ ಸ್ವಲ್ಪ ದೂರದಲ್ಲಿ ಬಿಡಿಸಿ ಹಿಡಿದೆ. ಹಾಳೆಗಳು ಒಂದಕ್ಕೊಂದು ಅಂಟಿದ್ದವು, ಬಿಸಿಗೆ ಮೆತ್ತಗೆ ಬಿಟ್ಟುಕೊಂಡವು. ಹಾಗೇ ಓದಲು ಶುರು ಮಾಡಿದೆ.

ಇದಕ್ಕಾಗಿ ಹೊಸದಾಗಿ ಬೇಗ ಏಳಬೇಕಾಗಲಿಲ್ಲ, ಹೊಸ ಜಾಗ ಹುಡುಕಬೇಕಾಗಲಿಲ್ಲ. ಹೇಗೂ ಕೂರುವ ಜಾಗ, ಹೇಗೂ ಕಳೆಯುವ ಹೊತ್ತು. ಹಂಡೆ ಕಾಯುವಷ್ಟು ಹೊತ್ತು ಓದು, ಕಾದ ಮೇಲೆ ಎದ್ದೇಳು. ಕೆಲವೊಮ್ಮೆ ಒಳಗಿನಿಂದ ಹೆಂಡತಿಯ ಧ್ವನಿ ಬರುತ್ತದೆ: "ನೀರು ಕುದ್ದು ಅರ್ಧ ಆಯ್ತು, ನಿಮ್ಮ ಅಧ್ಯಾಯ ಇನ್ನೂ ಮುಗಿಲಿಲ್ವಾ?"

ಪುಸ್ತಕ ಯಾವುದು ಅಂತ ಯೋಚಿಸಿ ಮಾರ್ಕರ ಶುಭಸಂದೇಶವನ್ನೇ ಹಿಡಿದೆ. ನಾಲ್ಕರಲ್ಲಿ ಚಿಕ್ಕದು, 16 ಅಧ್ಯಾಯ. ಕ್ಲಾಸಿನ ಪ್ರಶ್ನೆಯೂ ಅವರ ಬಗ್ಗೆಯೇ. ಅಂಗಡಿಯಿಂದ ಒಂದು ಲಾಂಗ್ ಬುಕ್ ತಂದೆ, ಗೆರೆ ಇರುವುದು. ದಿನಕ್ಕೆ ಒಂದೇ ಪ್ರಸಂಗ. ಮಧ್ಯದ ತಲೆಬರಹದಿಂದ ಮುಂದಿನ ತಲೆಬರಹದ ತನಕ, ಅಷ್ಟೇ. ಎರಡು ಸಲ ಓದುವುದು. ಆಮೇಲೆ ಎಡಗಡೆ ಪುಟದಲ್ಲಿ ಪ್ರಶ್ನೆ ಬರೆಯುವುದು: ಎಲ್ಲಿ ನಡೆಯುತ್ತಿದೆ, ಯಾರು ಯಾರಿದ್ದಾರೆ, ಇದಕ್ಕೆ ಹಿಂದೆ ಏನಾಗಿತ್ತು, ಮುಂದೆ ಏನಾಗುತ್ತದೆ. ಬಲಗಡೆ ಪುಟ ಖಾಲಿ ಬಿಡುವುದು, ಉತ್ತರ ಸಿಕ್ಕಿದ ದಿನ ತುಂಬಲು. ನನ್ನ ಬಲಗಡೆ ಪುಟಗಳು ಇವತ್ತಿಗೂ ಸುಮಾರು ಖಾಲಿಯೇ ಇವೆ.

'ಹಿಂದೆ ಏನಾಗಿತ್ತು' ಅನ್ನುವ ಒಂದು ಪ್ರಶ್ನೆಯಿಂದ ಎಷ್ಟು ಸಿಕ್ಕಿತು ಅಂದರೆ, ಉಳಿದವು ಇಲ್ಲದಿದ್ದರೂ ನಡೆಯುತ್ತಿತ್ತು. 5ನೇ ಅಧ್ಯಾಯ ನೋಡಿ. ಯಾಯೀರ ಅನ್ನುವ ಪ್ರಾರ್ಥನಾಮಂದಿರದ ಮುಖ್ಯಸ್ಥ ಬಂದು ಯೇಸುಸ್ವಾಮಿಯ ಕಾಲಿಗೆ ಬೀಳುತ್ತಾನೆ, ಮಗಳು ಸಾಯುತ್ತಿದ್ದಾಳೆ, ಬನ್ನಿ ಅಂತ. ಹೊರಡುತ್ತಾರೆ. ದಾರಿಯ ನೂಕುನುಗ್ಗಲಿನಲ್ಲಿ ರಕ್ತಸ್ರಾವದ ಹೆಂಗಸೊಬ್ಬಳು ಅವರ ಬಟ್ಟೆ ಮುಟ್ಟುತ್ತಾಳೆ. ಸ್ವಾಮಿ ನಿಂತುಬಿಡುತ್ತಾರೆ. ಯಾರು ಮುಟ್ಟಿದ್ದು? ಇವೆರಡನ್ನೂ ನಾನು ಚಿಕ್ಕಂದಿನಿಂದ ಬೇರೆ ಬೇರೆ ಕಥೆ ಅಂತಲೇ ಕೇಳಿದ್ದೆ. ಒಟ್ಟಿಗೆ ಓದಿದಾಗ ಯಾಯೀರನ ಹೊಟ್ಟೆ ಸಂಕಟ ಗೊತ್ತಾಗುತ್ತದೆ. ಮನೆಯಲ್ಲಿ ಮಗಳ ಉಸಿರು ಹೋಗುತ್ತಿದೆ, ಇಲ್ಲಿ ಇವರು ಜನರ ಮಧ್ಯೆ ನಿಂತು ವಿಚಾರಿಸುತ್ತಿದ್ದಾರೆ. ಆ ಹೆಂಗಸಿಗೆ 12 ವರ್ಷದಿಂದ ಕಾಯಿಲೆ. ಆ ಹುಡುಗಿಗೆ 12 ವರ್ಷ ವಯಸ್ಸು. ಒಬ್ಬಳು ಹುಟ್ಟಿದ ವರ್ಷ ಇನ್ನೊಬ್ಬಳ ಕಾಯಿಲೆ ಶುರುವಾಗಿದೆ. ಮಾರ್ಕರು ಅದನ್ನು ಎತ್ತಿ ಹೇಳುವುದಿಲ್ಲ, ಎರಡು ಕಡೆ ಲೆಕ್ಕ ಇಟ್ಟು ಮುಂದೆ ಹೋಗುತ್ತಾರೆ. ಕೊನೆಗೆ ಹುಡುಗಿ ಎದ್ದು ಓಡಾಡಿದಾಗ ಸ್ವಾಮಿ ಹೇಳುವ ಮಾತು: ಇವಳಿಗೆ ತಿನ್ನಲು ಏನಾದರೂ ಕೊಡಿ. ಕ್ಲಾಸಿನಲ್ಲಿ ಮಕ್ಕಳಿಗೆ ಅತಿ ಇಷ್ಟವಾದ ವಚನ ಇದೇ.

ಮುಂದಿನ ಅಧ್ಯಾಯದ ಐದು ರೊಟ್ಟಿ ಎರಡು ಮೀನಿನ ಪ್ರಸಂಗದಲ್ಲಿ ಒಂದು ಮಾತು ನನ್ನನ್ನು ವಾರಗಟ್ಟಲೆ ಕಾಡಿತು. ಜನರನ್ನು ಹಸಿರು ಹುಲ್ಲಿನ ಮೇಲೆ ಕೂರಿಸಿ ಅಂತ ಸ್ವಾಮಿ ಹೇಳುತ್ತಾರೆ. ಹಸಿರು ಹುಲ್ಲು ಅಂದರೆ ಯಾವ ತಿಂಗಳು? ನಮ್ಮಲ್ಲಿ ಹುಲ್ಲು ಹಸಿರಾಗಿರುವುದು ಜೂನಿನಿಂದ. ಡಿಸೆಂಬರ್ ದಾಟಿದರೆ ಒಣಗಿ ಬೆಂಕಿ ಬೀಳುವ ಭಯ. ಅಲ್ಲಿ ಹಾಗಲ್ಲ. ಗಲಿಲೇಯದ ಕಡೆ ಮಳೆ ಬೀಳುವುದು ಅಕ್ಟೋಬರಿನಿಂದ ಏಪ್ರಿಲ್ ತನಕ, ಚಳಿಗಾಲದ ಮಳೆ. ಬೇಸಿಗೆಯಲ್ಲಿ ಗುಡ್ಡವೆಲ್ಲ ಕಂದು. ಹಾಗಾದರೆ ಇದು ಮಳೆ ಮುಗಿಯುವ ಹೊತ್ತು, ಮಾರ್ಚ್ ಏಪ್ರಿಲ್ ಇರಬೇಕು ಅಂತ ಎಡಗಡೆ ಪುಟದಲ್ಲಿ ಬರೆದೆ. ಈ ಪ್ರಸಂಗ ನಾಲ್ಕೂ ಶುಭಸಂದೇಶಗಳಲ್ಲಿ ಇದೆ, ಅಡಿಟಿಪ್ಪಣಿಯಲ್ಲೇ ಸೂಚನೆ ಇರುತ್ತದೆ. ಒಂದೊಂದನ್ನೇ ತೆಗೆದು ನೋಡಿದೆ. ಮತ್ತಾಯರಲ್ಲಿ ಬರೀ ಹುಲ್ಲು. ಲೂಕರಲ್ಲಿ ಹುಲ್ಲಿನ ಸುದ್ದಿಯೇ ಇಲ್ಲ. ಯೊವಾನ್ನರ 6ನೇ ಅಧ್ಯಾಯಕ್ಕೆ ಬಂದೆ. ನಾಲ್ಕನೇ ವಚನ: ಯೆಹೂದ್ಯರ ಪಾಸ್ಕ ಹಬ್ಬ ಹತ್ತಿರವಾಗಿತ್ತು. ಪಾಸ್ಕ ಬರುವುದು ಮಾರ್ಚ್ ಏಪ್ರಿಲಿನಲ್ಲೇ!

ಒಬ್ಬರು ಹುಲ್ಲಿನ ಬಣ್ಣ ಹೇಳಿದ್ದಾರೆ, ಇನ್ನೊಬ್ಬರು ಹಬ್ಬದ ಹೆಸರು ಹೇಳಿದ್ದಾರೆ, ಎರಡೂ ಒಂದೇ ಋತುವಿಗೆ ಬಂದು ನಿಂತವು. ಪಂಡಿತರಿಗೆ ಇದು ಹಳೇ ವಿಷಯ. ಬಚ್ಚಲಲ್ಲಿ ಕೂತು ನಾನೇ ಕಂಡುಕೊಂಡ ಬೆಳಿಗ್ಗೆ ಮಾತ್ರ ಅದು ಸಂಪೂರ್ಣ ನನ್ನದು. ಆ ಬಲಗಡೆ ಪುಟ ಭರ್ತಿಯಾಗಿದೆ, ಕೆಂಪು ಇಂಕಿನಲ್ಲಿ. ಇಂಥದ್ದು ಒಂದು ಸಿಕ್ಕಿದರೆ ಸಾಕು, ಮರುದಿನ ಎಬ್ಬಿಸುವುದಕ್ಕೆ ಅಲಾರಾಂ ಬೇಡ.

ಫೋನಿನ ಬಗ್ಗೆ ಎರಡು ಮಾತು. ಕನ್ನಡ ಬೈಬಲಿನ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ, ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್‌ವರ್ಕ್ ಬೇಡ. ಒಂದು ಮಾತು ಎಲ್ಲೆಲ್ಲಿ ಬರುತ್ತದೆ ಅಂತ ಹುಡುಕಲು ಅದರಷ್ಟು ಅನುಕೂಲ ಬೇರೆ ಇಲ್ಲ. ಆದರೆ ದಿನದ ಓದಿಗೆ ಅದು ನನಗೆ ಒಗ್ಗಲಿಲ್ಲ. ಹೊಸ ಒಡಂಬಡಿಕೆಯ ಒಂದು ಪತ್ರ ಓದುತ್ತಿರುವಾಗ ಮೇಲಿಂದ ಅಡಿಕೆ ರೇಟು ಇಳಿದು ಬರುತ್ತದೆ. ರಾಶಿ ಇಡಿ ಎಷ್ಟಾಯಿತು ಅಂತ ನೋಡದೇ ಇರುವ ಸಾಗರದವನನ್ನು ನಾನಂತೂ ಕಂಡಿಲ್ಲ.

ಆದರೆ ಕೊಯ್ಲಿನ ಕಾಲದಲ್ಲಿ ಆ ಫೋನೇ ಕೈ ಹಿಡಿಯಿತು. ನವೆಂಬರಿನಿಂದ ಜನವರಿ ತನಕ ಬೆಳಿಗ್ಗೆಗಳು ನಮ್ಮವಲ್ಲ. ಕೊನೆ ತೆಗೆಸುವುದು, ಹೊರಿಸುವುದು, ಬೇಯಿಸುವುದು, ಹರವುವುದು. ರಾತ್ರಿ ಸುಲಿಯುವ ಕೆಲಸ. ಅಂಗಳದ ಚಪ್ಪರದ ಕೆಳಗೆ ಮೆಟ್ಟುಗತ್ತಿ ಹಾಕಿಕೊಂಡು ಅಕ್ಕಪಕ್ಕದ ಮನೆಯ ಹೆಂಗಸರೂ ನಾವೂ ಸಾಲಾಗಿ ಕೂರುತ್ತೇವೆ. ಡಬ್ಬದ ಲೆಕ್ಕದಲ್ಲಿ ದುಡ್ಡು. ಕೈಯೆಲ್ಲ ಚೊಗರಿನಿಂದ ಕಪ್ಪು, ಆ ಕೈಯಲ್ಲಿ ಪುಸ್ತಕ ಮುಟ್ಟುವ ಹಾಗಿಲ್ಲ. ಹಾಗಾಗಿ ಆಡಿಯೋ ಬೈಬಲ್. ಮೊದಲು ಕಿವಿಗೆ ಸಿಕ್ಕಿಸಿಕೊಂಡು ಕೇಳುತ್ತಿದ್ದೆ. ಒಂದು ರಾತ್ರಿ ಪಕ್ಕದ ಮನೆ ಅಜ್ಜಿ, "ನೀ ಒಬ್ನೇ ಎಂತ ಕೇಳ್ತೀಯ ಮಾರಾಯ, ನಮಗೂ ಕೇಳುವಂಗೆ ಹಾಕು" ಅಂದರು. ಕೀರ್ತನೆಗಳು ಅಂದೆ, ದೇವರ ಹಾಡು. ಹಾಕು ಅಂದರು.

ಅಜ್ಜಿ ಮುಳುಗಡೆಯವರು. ಕರೆಂಟಿಗಾಗಿ ಕಟ್ಟಿದ ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದು ಶರಾವತಿ ನೀರು ನಿಂತಾಗ ಮನೆ, ಗದ್ದೆ ಬಿಟ್ಟು ಎದ್ದು ಬಂದ ಕುಟುಂಬದವರು. ಆಗ ಅವರು ಹೊಸದಾಗಿ ಮದುವೆಯಾದ ಹುಡುಗಿ.

137ನೇ ಕೀರ್ತನೆ ಬಂತು. ಬಾಬಿಲೋನಿನ ನದಿಗಳ ದಡದಲ್ಲಿ ಕೂತು, ಊರು ನೆನೆಸಿಕೊಂಡು ಅತ್ತವರ ಹಾಡು. ಸೆರೆ ಹಿಡಿದು ತಂದವರು, ನಿಮ್ಮೂರಿನ ಒಂದು ಹಾಡು ಹೇಳಿ ನೋಡೋಣ ಅನ್ನುತ್ತಾರೆ. ಪರದೇಶದಲ್ಲಿ ಆ ಹಾಡು ಹೇಗೆ ಹಾಡುವುದು ಅಂತ ಇವರು ವಾದ್ಯಗಳನ್ನು ಮರಕ್ಕೆ ನೇತು ಹಾಕುತ್ತಾರೆ. ಅಜ್ಜಿಯ ಕೈ ನಿಂತಿತು. "ಯಾರ ಕಥೆ ಅದು?" ಅಂದರು. ಹೇಳಿದೆ: ಕ್ರಿಸ್ತಪೂರ್ವ 597ರಲ್ಲಿ, ಆಮೇಲೆ ಮತ್ತೆ ಹತ್ತು ವರ್ಷಕ್ಕೆ, ಜೆರುಸಲೇಮಿನ ಜನರನ್ನು ಬಾಬಿಲೋನಿನ ರಾಜ ಹಿಡಿದುಕೊಂಡು ಹೋದ. ಅಷ್ಟರಲ್ಲಿ ಆಡಿಯೋ ಮುಂದೆ ಹೋಗಿ ಕೊನೆಯ ವಚನ ಓದಿಬಿಟ್ಟಿತು. ಅದು ಘೋರವಾಗಿದೆ. ನಿನ್ನ ಕೂಸುಗಳನ್ನು ಬಂಡೆಗೆ ಅಪ್ಪಳಿಸುವವನು ಧನ್ಯ ಅನ್ನುವಂಥ ಮಾತು. ನನಗೆ ಮುಖ ಎಲ್ಲಿಡಬೇಕು ಗೊತ್ತಾಗಲಿಲ್ಲ. ದೇವರ ಹಾಡು ಅಂತ ನಾನೇ ಹೇಳಿ ಹಾಕಿದ್ದು.

ಅಜ್ಜಿ ಇನ್ನೊಂದು ಅಡಿಕೆ ಕತ್ತಿಗೆ ಕೊಟ್ಟು ಹೇಳಿದರು: "ಹೊಟ್ಟೆ ಉರಿದವರು ಹಂಗೇ ಅಂತಾರೆ. ನಮ್ಮತ್ತೆ ಸಾಯೋ ತನಕ ಕರೆಂಟಿನವರಿಗೆ ಇದಕ್ಕಿಂತ ಜೋರು ಶಾಪ ಹಾಕಿದ್ದಾಳೆ. ದೇವರೆದುರಿಗೆ ಅನ್ನದೆ ಇನ್ಯಾರ ಎದುರಿಗೆ ಅನ್ನೋದು?"

ಆಮೇಲೆ ಫಾದರ್ ಹತ್ತಿರ ಈ ವಿಷಯ ತೆಗೆದೆ. ಗುರುಗಳು ದಿನವೂ ಹೇಳುವ ಪ್ರಾರ್ಥನಾ ಪುಸ್ತಕದಲ್ಲಿ ಈ ಕೀರ್ತನೆಯ ಕೊನೆಯ ವಚನಗಳನ್ನು ಬಿಟ್ಟಿದ್ದಾರೆ, ಶಾಪ ಹಾಕುವ ಇನ್ನು ಮೂರು ಕೀರ್ತನೆಗಳನ್ನು ಪೂರ್ತಿಯೇ ಬಿಟ್ಟಿದ್ದಾರೆ ಅಂದರು. ಬೈಬಲಿನಿಂದ ತೆಗೆದಿಲ್ಲ, ಪ್ರಾರ್ಥನೆಯಿಂದ ಮಾತ್ರ. ಬಿಟ್ಟದ್ದು ಸರಿಯೋ ಅಲ್ಲವೋ ಅಂತ ಅವರೂ ನಾನೂ ಅರ್ಧ ಗಂಟೆ ವಾದ ಮಾಡಿದೆವು. ನನ್ನ ಪಕ್ಷ ಅಜ್ಜಿಯದ್ದು. ಹೊರಡುವಾಗ ಅವರು, "ಅದೇ ಜನಕ್ಕೆ ಬಂದ ಕಾಗದ ಒಂದಿದೆ, ಓದಿದ್ದೀರಾ? ಯೆರೆಮೀಯ 29" ಅಂದರು.

ಯೆರೆಮೀಯ ಪ್ರವಾದಿಯ ಗ್ರಂಥದ 29ನೇ ಅಧ್ಯಾಯ ನನಗೆ ಗೊತ್ತಿಲ್ಲದ್ದಲ್ಲ. ಅಂಗಡಿ ಗೋಡೆಯ ಮೇಲೆ ಫ್ರೇಮು ಹಾಕಿಸಿದ ವಚನ ಅದೇ, 11ನೆಯದು. ನಿಮ್ಮ ಬಗ್ಗೆ ನನ್ನ ಯೋಜನೆ ಹಾನಿಯದ್ದಲ್ಲ, ಒಳಿತಿನದ್ದು, ನಿಮಗೆ ಭವಿಷ್ಯವನ್ನೂ ನಿರೀಕ್ಷೆಯನ್ನೂ ಕೊಡುತ್ತೇನೆ ಅಂತ ದೇವರು ಹೇಳುವುದು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದರೆ ಈ ವಚನ, ಮದುವೆಗೆ ಈ ವಚನ, ಹೊಸ ಅಂಗಡಿಗೆ ಈ ವಚನ. ನಾನೇ ಎಷ್ಟೋ ಕಾರ್ಡು ಮಾರಿದ್ದೇನೆ. ಆದರೆ ಅದರ ಅಕ್ಕಪಕ್ಕ ಏನಿದೆ ಅಂತ ನೋಡಲು ಬಚ್ಚಲ ಒಲೆಯೇ ಬೇಕಾಯಿತು.

11ಕ್ಕೆ ಮುಂಚೆ 10 ಇದೆ ನೋಡಿ. ಬಾಬಿಲೋನಿನಲ್ಲಿ 70 ವರ್ಷ ಕಳೆದ ಮೇಲೆ ನಿಮ್ಮನ್ನು ವಾಪಸ್ಸು ಕರೆತರುತ್ತೇನೆ. ಎಪ್ಪತ್ತು! ಕಾಗದ ಕೇಳುತ್ತಾ ನಿಂತ ದೊಡ್ಡವರು ಯಾರೂ ಊರು ನೋಡುವುದಿಲ್ಲ ಅಂತ ಅರ್ಥ. ಇನ್ನೂ ಹಿಂದೆ ಹೋದರೆ 28ನೇ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಜನರಿಗೆ ಬೇಕಾದದ್ದನ್ನೇ ಹೇಳುತ್ತಿದ್ದಾನೆ: ಎರಡೇ ವರ್ಷ, ಎಲ್ಲ ಸರಿ ಹೋಗುತ್ತದೆ. ಯೆರೆಮೀಯನ ಕೊರಳಲ್ಲಿದ್ದ ಮರದ ನೊಗವನ್ನು ಎಲ್ಲರೆದುರು ಕಿತ್ತು ಮುರಿಯುತ್ತಾನೆ. ಜನ ಅವನ ಕಡೆ ಇದ್ದರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲಿ ಯೆರೆಮೀಯ ಬರೆದ ಕಾಗದದಲ್ಲಿ ಏನಿದೆ? ಮನೆ ಕಟ್ಟಿಕೊಳ್ಳಿ. ತೋಟ ಮಾಡಿ, ಫಲ ತಿನ್ನಿ. ಮಕ್ಕಳಿಗೆ ಮದುವೆ ಮಾಡಿ. ನಿಮ್ಮನ್ನು ಒಯ್ದ ಆ ಊರಿನ ಒಳ್ಳೆಯದಕ್ಕೇ ಪ್ರಾರ್ಥನೆ ಮಾಡಿ, ಅದು ಚೆನ್ನಾಗಿದ್ದರೆ ನೀವೂ ಚೆನ್ನಾಗಿರುತ್ತೀರಿ.

ತೋಟ ಮಾಡಿ ಅನ್ನುವುದು ಎಂಥ ಮಾತು ಅಂತ ಅಡಿಕೆಯವರಿಗೆ ಹೇಳಬೇಕಾ? ಸಸಿ ಇಟ್ಟ ಮೇಲೆ ಫಸಲು ಕಾಣಲು ಐದಾರು ವರ್ಷ ಬೇಕು. ಎರಡು ವರ್ಷದಲ್ಲಿ ಹೋಗುವವನು ಸಸಿ ಇಡುವುದಿಲ್ಲ. ಸಸಿ ಇಟ್ಟವನು ಇಲ್ಲೇ ಇರುತ್ತೇನೆ ಅಂತ ಒಪ್ಪಿಕೊಂಡ ಹಾಗೆ. ಅಜ್ಜಿಯ ಮಾವ ಇಲ್ಲಿಗೆ ಬಂದ ಮೇಲೆ ಎಷ್ಟೋ ವರ್ಷ ಒಂದು ಬಾಳೆಯನ್ನೂ ನೆಡಲಿಲ್ಲವಂತೆ. ನೀರು ಇಳಿಯುತ್ತದೆ, ವಾಪಸ್ಸು ಹೋಗೋಣ ಅನ್ನುತ್ತಿದ್ದರಂತೆ. ಮುಳುಗಡೆಯ ಎಷ್ಟೋ ಮನೆಗಳವರು ಇವತ್ತಿಗೂ ಜಮೀನಿನ ಹಕ್ಕುಪತ್ರಕ್ಕೆ ಶಿವಮೊಗ್ಗಕ್ಕೆ ಅಲೆಯುತ್ತಿದ್ದಾರೆ. ಅವರಿಗೆ ನನ್ನ ಅಂಗಡಿಯ ಕಾರ್ಡು ಕೊಟ್ಟು, ದೇವರಿಗೆ ನಿಮ್ಮ ಬಗ್ಗೆ ಒಳ್ಳೆಯ ಯೋಜನೆ ಇದೆ ಅಂತ ಹೇಳಿ ನೋಡಿ. ಆ ವಚನ ಸುಳ್ಳು ಅಂತ ನಾನು ಹೇಳುತ್ತಿಲ್ಲ. 10 ಬಿಟ್ಟು 11 ಕೊಡುವುದು ಹನನ್ಯನ ಕೆಲಸ ಅಂತ ಹೇಳುತ್ತಿದ್ದೇನೆ.

ಈ ವಚನದ ನಂಬರುಗಳೂ ಮೂಲದಲ್ಲಿ ಇರಲಿಲ್ಲ. ಅಧ್ಯಾಯ ಮಾಡಿದ್ದು 13ನೇ ಶತಮಾನದ ಹೊತ್ತಿಗೆ. ಹೊಸ ಒಡಂಬಡಿಕೆಗೆ ಈಗಿನ ವಚನದ ನಂಬರು ಹಾಕಿದ್ದು ರೊಬೇರ್ ಎಸ್ತಿಯೆನ್ ಅನ್ನುವ ಫ್ರೆಂಚ್ ಮುದ್ರಕ, 1551ರಲ್ಲಿ. ಹುಡುಕಲು ಅನುಕೂಲ ಆಗಲಿ ಅಂತ ಹಾಕಿದ ನಂಬರು, ಕತ್ತರಿಸಿ ಫ್ರೇಮು ಹಾಕಲಿ ಅಂತ ಅಲ್ಲ. ಅಂದ ಹಾಗೆ ಅಂಗಡಿಯ ಫ್ರೇಮು ತೆಗೆದಿಲ್ಲ. ಈಗ 5ರಿಂದ 11ರ ತನಕ ಪೂರ್ತಿ ಪ್ರಿಂಟ್ ತೆಗೆದು ಹಾಕಿದ್ದೇನೆ. ಅಕ್ಷರ ಸಣ್ಣದಾಗಿದೆ. ಜೆರಾಕ್ಸಿಗೆ ಕಾಯುವವರು ಕಣ್ಣು ಕಿರಿದು ಮಾಡಿ ಓದುತ್ತಾರೆ.

ಓದುವುದು ಒಂದು, ಪ್ರಾರ್ಥಿಸುವುದು ಇನ್ನೊಂದು ಅನ್ನುವ ತಕರಾರು ನನ್ನೊಳಗೆ ಬಹಳ ದಿನ ಇತ್ತು. ಪ್ರಶ್ನೆ ಬರೆಯುತ್ತಾ ಕೂತರೆ ಪರೀಕ್ಷೆಗೆ ಓದಿದ ಹಾಗಾಗುತ್ತದೆ. ಶಿವಮೊಗ್ಗದಲ್ಲಿ ಧರ್ಮಕ್ಷೇತ್ರದವರು, ಅಂದರೆ ಬಿಷಪರ ಆಡಳಿತದವರು, ಕ್ಯಾಟೆಕಿಸಂ ಶಿಕ್ಷಕರಿಗೆ ಇಟ್ಟಿದ್ದ ಒಂದು ದಿನದ ತರಬೇತಿಯಲ್ಲಿ, 12ನೇ ಶತಮಾನದ ಗೀಗೊ ಅನ್ನುವ ಸನ್ಯಾಸಿ ಬರೆದಿಟ್ಟ ನಾಲ್ಕು ಮೆಟ್ಟಿಲುಗಳನ್ನು ಹೇಳಿಕೊಟ್ಟರು: ಓದು, ಮೆಲುಕು, ಬೇಡು, ಸುಮ್ಮನಿರು. ಊಟ ಆದ ಮೇಲೆ ಸೇಕ್ರೆಡ್ ಹಾರ್ಟ್ ಚರ್ಚಿನ ಒಳಗೆ ಕೂತು ಮಾಡಿ ನೋಡಿ ಅಂದರು. ಆ ಚರ್ಚು ಎಷ್ಟು ದೊಡ್ಡದು ಅಂದರೆ ಬಿ.ಎಚ್. ರಸ್ತೆಯ ಗದ್ದಲ ಒಳಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತದೆ. ಆದರೂ ಊಟದ ಮೇಲಿನ ನಿದ್ದೆಯಲ್ಲಿ ನನಗೆ ನಾಲ್ಕನೇ ಮೆಟ್ಟಿಲೇ ಮೊದಲು ಬಂತು. ಮನೆಯಲ್ಲಿ ಮಾಡಿದಾಗ ಅರ್ಥವಾಯಿತು. ಬೆಳಿಗ್ಗೆ ಬರೆದ ಪ್ರಶ್ನೆಯಲ್ಲಿ ಒಂದನ್ನು ಸಂಜೆ ತೇರ್ಸಿನ ಹೊತ್ತಿಗೆ ತೆಗೆದುಕೊಂಡು ಹೋಗುತ್ತೇನೆ. ಯಾಯೀರನ ಹಾಗೆ ಕಾಯುತ್ತಿರುವವರು ಊರಲ್ಲಿ ಯಾರಿದ್ದಾರೆ ಅಂತ ಯೋಚಿಸಿದರೆ ಹೆಸರುಗಳು ಬರುತ್ತವೆ. ಆ ಹೆಸರಿಗೆ ಒಂದು ದಶಕ, ಅಂದರೆ ಜಪಸರದ ಹತ್ತು ಮಣಿಯ ಜಪ. ಅಪ್ಪನಿಗೆ ಇದು ಇಷ್ಟವಾಗಿದೆ. ಅವರಿಗೆ ಬೈಬಲ್ ಓದುವ ಅಭ್ಯಾಸ ಇನ್ನೂ ಇಲ್ಲ, ಆದರೆ "ಇವತ್ತಿಂದು ಯಾರ ಕಥೆ?" ಅಂತ ಕೇಳುತ್ತಾರೆ.

ಕಥೋಲಿಕರಿಗೆ ಇನ್ನೊಂದು ಸುಲಭದ ದಾರಿ ಇದೆ, ಎಲ್ಲಿಂದ ಶುರು ಮಾಡಲಿ ಅನ್ನುವವರಿಗೆ ನಾನು ಮೊದಲು ಹೇಳುವುದು ಅದನ್ನೇ. ಭಾನುವಾರದ ಪಾಠಗಳು ಮೂರು ವರ್ಷದ ಸುತ್ತಿನಲ್ಲಿ ಬರುತ್ತವೆ. ಒಂದು ವರ್ಷ ಹೆಚ್ಚಾಗಿ ಮತ್ತಾಯ, ಮರುವರ್ಷ ಮಾರ್ಕ, ಆಮೇಲೆ ಲೂಕ. ಮುಂದಿನ ಭಾನುವಾರದ್ದನ್ನು ಬುಧವಾರವೇ ತೆಗೆದು, ಅದರ ಹಿಂದಿನ ಮುಂದಿನ ಪ್ರಸಂಗ ಓದಿಟ್ಟುಕೊಳ್ಳಿ. ಅಷ್ಟು ಮಾಡಿದರೂ ಪ್ರಬೋಧನೆ ಕೇಳುವ ಕಿವಿಯೇ ಬೇರೆಯಾಗುತ್ತದೆ. ಫಾದರ್ ಎಲ್ಲಿ ಬೇಗ ಬೇಗ ದಾಟಿಸಿದರು ಅಂತಲೂ ಗೊತ್ತಾಗುತ್ತದೆ.

ಈಗ ಸಂತ ಪೌಲರು ರೋಮಿನವರಿಗೆ ಬರೆದ ಪತ್ರ ಹಿಡಿದಿದ್ದೇನೆ. ಕಷ್ಟ. ಒಂದು ವಾಕ್ಯ ಶುರುವಾದರೆ ಎಲ್ಲಿ ಮುಗಿಯುತ್ತದೆ ಅಂತ ಬೆರಳಿಟ್ಟು ಹುಡುಕಬೇಕು. ಹಾಗಾಗಿ ಕೊನೆಯಿಂದ ಶುರು ಮಾಡಿದೆ. 16ನೇ ಅಧ್ಯಾಯದಲ್ಲಿ ಹೆಚ್ಚಿನದೆಲ್ಲ ನಮಸ್ಕಾರಗಳು. ಫೊಯಿಬೆ ಅನ್ನುವ ಸೋದರಿಯನ್ನು ಚೆನ್ನಾಗಿ ಬರಮಾಡಿಕೊಳ್ಳಿ, ಪ್ರಿಸ್ಕ ಮತ್ತು ಅಕ್ವಿಲರಿಗೆ ಹೇಳಿ, ರೂಫನ ತಾಯಿಗೆ ಹೇಳಿ, ಆಕೆ ನನಗೂ ತಾಯಿಯೇ. ಯಾರಿಗೆ ಬರೆಯುತ್ತಿದ್ದಾರೆ ಅಂತ ಗೊತ್ತಾದ ಮೇಲೆ ಮೊದಲ ಅಧ್ಯಾಯಕ್ಕೆ ಬಂದೆ. ಸದ್ಯ ನಾಲ್ಕನೆಯದರಲ್ಲಿ ಅಬ್ರಹಾಮನ ಹತ್ತಿರ ನಿಂತಿದ್ದೇನೆ. ಎಡಗಡೆ ಪುಟ ತುಂಬಿದೆ. ಕ್ಲಾಸಿನ ಆ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಟ್ಯೂಷನ್ ನೋಟ್ಸ್ ಜೆರಾಕ್ಸಿಗೆ ಅಂಗಡಿಗೆ ಬರುತ್ತಾಳೆ. ಮೊನ್ನೆ ಲಾಂಗ್ ಬುಕ್ ನೋಡಿ, "ಸಾರ್, ರೋಮಿಗೆ ಪೌಲರು ಆಗ ಹೋಗಿರಲೇ ಇಲ್ಲ ಅಲ್ವಾ, ಮತ್ತೆ ಇಷ್ಟು ಜನರ ಪರಿಚಯ ಹೇಗೆ?" ಅಂದಳು. ಬರೆದುಕೊಂಡಿದ್ದೇನೆ.